ಹಳೆಯ ಮೇಕಪ್ ಬ್ರಷ್‌ಗೆ ಯಾವುದು ಒಳ್ಳೆಯದು: ಬೇಬಿ ಶಾಂಪೂ, ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಇಲ್ಲಾ ಆಲ್ಕೋಹಾಲ್?

ಈ ಹೋಲಿಕೆಗೆ ಮೂರು ಬ್ರಷ್ ತೆಗೆದುಕೊಂಡೆ. ಒಂದು ಫೌಂಡೇಶನ್ ಹಚ್ಚುವ ದಟ್ಟ ಸಿಂಥೆಟಿಕ್ ಬ್ರಷ್. ಇನ್ನೊಂದು ಮೇಕೆ ಕೂದಲಿನ ದೊಡ್ಡ ಪೌಡರ್ ಬ್ರಷ್. ಮೂರನೆಯದು ಐಶ್ಯಾಡೋ ಹರಡುವ ಸಣ್ಣ ಬ್ರಷ್. ಅದೂ ಸಿಂಥೆಟಿಕ್ಕೇ, ಆದರೆ ಕೂದಲು ಎಲ್ಲಾ ದಿಕ್ಕಿಗೂ ಕೆದರಿಹೋಗಿತ್ತು. ಮೂರನ್ನೂ ನೋಡಿದವರು ಎಸೆದುಬಿಡು ಅನ್ನುತ್ತಿದ್ದರು. ಬೇಕಾಗಿಲ್ಲ. ಬ್ರಷ್ ಹಾಳಾಗಿದೆ ಅಂತ ನಾವು ಅಂದುಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಬುಡದಲ್ಲಿ ಕೂತ ಜಿಡ್ಡು ಮಾತ್ರ. ಆ ಜಿಡ್ಡು ಯಾವುದು, ಕೂದಲು ಯಾವುದು ಅಂತ ನೋಡಿಕೊಂಡು ತೊಳೆದರೆ ಹೆಚ್ಚಿನವು ಉಳಿಯುತ್ತವೆ.

ಮೊದಲು ಬೇಬಿ ಶಾಂಪೂ. ಮೇಕೆ ಕೂದಲಿನ ಬ್ರಷ್‌ಗೆ ಇದರಷ್ಟು ಹಿತವಾದದ್ದು ನನಗೆ ಬೇರೆ ಸಿಕ್ಕಿಲ್ಲ. ಮೇಕೆ ಕೂದಲೂ ನಮ್ಮ ತಲೆಗೂದಲಿನ ಹಾಗೆ ಕೆರಾಟಿನ್ ಅನ್ನುವ ಪ್ರೋಟೀನಿನಿಂದಲೇ ಆದದ್ದು. ಮೇಲೆ ಸಣ್ಣ ಸಣ್ಣ ಪದರ ಇರುತ್ತದೆ. ಆ ಪದರ ಎದ್ದು ನಿಂತರೆ ಕೂದಲು ಬಿರುಸಾಗುತ್ತದೆ. ಶಾಂಪೂ ಮೃದುವಾಗಿದ್ದಷ್ಟೂ ಅದು ಸುಮ್ನೆ ಮಲಗಿರುತ್ತದೆ. ಪೌಡರ್ ಬ್ರಷ್‌ನಲ್ಲಿ ಇರುವುದು ಒಣ ಪುಡಿ ಮತ್ತು ಮುಖದ ಎಣ್ಣೆ ಅಷ್ಟೇ, ಸಲೀಸಾಗಿ ಹೋಯಿತು. ಒಣಗಿದ ಮೇಲೆ ಕೆನ್ನೆಗೆ ತಾಗಿಸಿದರೆ ಹೊಸದರ ಹಾಗೇ ಇತ್ತು.

ಫೌಂಡೇಶನ್ ಬ್ರಷ್‌ನಲ್ಲಿ ಮಾತ್ರ ಇದೇ ಶಾಂಪೂ ಸೋತಿತು. ಮೇಲಿಂದ ನೋಡಿದರೆ ಸ್ವಚ್ಛ. ಎರಡು ಬೆರಳಿನಿಂದ ಕೂದಲು ಬಿಡಿಸಿ ನೋಡಿದರೆ ಬುಡದಲ್ಲಿ ಚರ್ಮದ ಬಣ್ಣದ ಒಂದು ಉಂಗುರ ಹಾಗೇ ಕೂತಿತ್ತು. ಬಿಳಿ ಟಿಶ್ಯೂ ಮೇಲೆ ಒತ್ತಿದೆ, ಮತ್ತೆ ಕಂದು ಗುರುತು. ಫೌಂಡೇಶನ್‌ನಲ್ಲಿ ಎಣ್ಣೆ, ಮೇಣ, ಸಿಲಿಕೋನ್ ಎಲ್ಲಾ ಇರುತ್ತದೆ. ಬೇಬಿ ಶಾಂಪೂ ಅಷ್ಟು ಗಟ್ಟಿ ಜಿಡ್ಡಿಗೆ ಮಾಡಿದ್ದಲ್ಲ.

ಅಲ್ಲಿ ಗೆದ್ದದ್ದು ಗಟ್ಟಿ ಸೋಪು. ಒದ್ದೆ ಬ್ರಷ್ ಅನ್ನು ಸೋಪಿನ ಮೇಲೆ ಸುತ್ತಿ ಸುತ್ತಿ ಉಜ್ಜುವಾಗ ಆ ಉಜ್ಜುವಿಕೆಯೇ ಅರ್ಧ ಕೆಲಸ ಮಾಡುತ್ತದೆ. ನೊರೆ ಬುಡದವರೆಗೆ ಇಳಿಯುತ್ತದೆ. ಮೊದಲು ಬರುವ ನೊರೆ ಕಂದು ಬಣ್ಣದ್ದು. ಅದನ್ನು ಹಿಂಡಿ ತೊಳೆದು ಮತ್ತೆ ಸುತ್ತಬೇಕು. ನೊರೆ ಬೆಳ್ಳಗೆ ಬರುವವರೆಗೂ ಬಿಡಬಾರದು. ಮೇಕೆ ಕೂದಲಿಗೆ ಮಾತ್ರ ಇದು ಬೇಡ. ಸಾಮಾನ್ಯ ಮೈ ಸೋಪು ಕ್ಷಾರೀಯ, ಕೂದಲಿನ ಪದರವನ್ನು ಎಬ್ಬಿಸುತ್ತದೆ. ನಿಮ್ಮ ನೀರು ಗಡಸಾಗಿದ್ದರೆ ಇನ್ನೂ ಕಷ್ಟ. ಸೋಪು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಪದರವಾಗಿ ಕೂದಲಿಗೆ ಅಂಟುತ್ತದೆ. ತೊಳೆದ ಬ್ರಷ್ ಒಣಗಿದ ಮೇಲೂ ಬಿರುಸಾಗಿಯೇ ಇದ್ದರೆ ಒಮ್ಮೆ ಇದನ್ನೂ ಯೋಚಿಸಿ.

ಪಾತ್ರೆ ತೊಳೆಯುವ ಲಿಕ್ವಿಡ್ ಜಿಡ್ಡನ್ನು ಎಲ್ಲಕ್ಕಿಂತ ಬೇಗ ಬಿಡಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕೂದಲಿನ ಎಣ್ಣೆಯನ್ನೂ ಬಿಡುವುದಿಲ್ಲ. ಮೇಕೆ ಕೂದಲು ಒಂದೇ ಸಲಕ್ಕೆ ಒಣಕಲಾಗಿ ಹಾರತೊಡಗಿತು, ಆಮೇಲೆ ತುದಿಗೆ ಚೂರು ಕಂಡೀಷನರ್ ಹಚ್ಚಿ ತೊಳೆಯಬೇಕಾಯಿತು. ಸಿಂಥೆಟಿಕ್ ಬ್ರಷ್‌ಗೆ ಆ ಭಯ ಇಲ್ಲ. ತಿಂಗಳುಗಟ್ಟಲೆ ತೊಳೆಯದೆ ಬಿಟ್ಟ ಫೌಂಡೇಶನ್ ಬ್ರಷ್ ಇದ್ದರೆ ಒಂದು ತಟ್ಟೆಯಲ್ಲಿ ಎರಡು ಹನಿ ಆಲಿವ್ ಎಣ್ಣೆ, ಸ್ವಲ್ಪ ಲಿಕ್ವಿಡ್ ಹಾಕಿ ಅದರಲ್ಲಿ ಬ್ರಷ್ ಸುತ್ತಿ. ಎಣ್ಣೆ ಹಳೆಯ ಮೇಣವನ್ನು ಸಡಿಲ ಮಾಡುತ್ತದೆ, ಲಿಕ್ವಿಡ್ ಅದನ್ನು ಹೊತ್ತುಕೊಂಡು ಹೋಗುತ್ತದೆ. ಶಾಂಪೂಗೆ ಬಗ್ಗದ ಆ ಉಂಗುರ ಇದಕ್ಕೆ ಪೂರ್ತಿ ಕರಗಿತು.

ಆಲ್ಕೋಹಾಲ್ ಸ್ಪ್ರೇ ಬೇರೆಯೇ ಕೆಲಸದ್ದು. ಇದು ತೊಳೆಯುವುದಲ್ಲ, ಎರಡು ತೊಳೆತದ ನಡುವಿನ ಒರೆಸುವಿಕೆ. ಐಸೊಪ್ರೊಪೈಲ್ ಆಲ್ಕೋಹಾಲ್ 70% ಇರುವುದನ್ನೇ ತೆಗೆದುಕೊಳ್ಳಿ. 99% ಇದ್ದರೆ ಇನ್ನೂ ಒಳ್ಳೆಯದು ಅಂತ ಅನಿಸುತ್ತದೆ ಅಲ್ವಾ? ಅದು ಬೇಗ ಆರಿಹೋಗುತ್ತದೆ. 70% ರಲ್ಲಿರುವ ನೀರು ಆರುವುದನ್ನು ನಿಧಾನ ಮಾಡಿ, ರೋಗಾಣು ಸಾಯಲು ಸಮಯ ಕೊಡುತ್ತದೆ. ಒಂದೇ ಐಶ್ಯಾಡೋ ಬ್ರಷ್‌ನಲ್ಲಿ ಬಣ್ಣ ಬದಲಾಯಿಸುವಾಗ, ಒಬ್ಬರಿಗಿಂತ ಜಾಸ್ತಿ ಜನರಿಗೆ ಮೇಕಪ್ ಮಾಡುವಾಗ ಇದು ಬಹಳ ಉಪಯೋಗ. ದಟ್ಟ ಬ್ರಷ್‌ನ ಬುಡಕ್ಕೆ ಇದು ಏನೂ ಮಾಡಲಿಲ್ಲ. ದಿನಾ ಹೊಡೆದರೆ ಮೇಕೆ ಕೂದಲು ಒಣಗುತ್ತದೆ, ಹಿಡಿಯ ಬಣ್ಣ ಮಂಕಾಗುತ್ತದೆ. ಬೆಂಕಿಯ ಹತ್ತಿರ ಬಳಸಬೇಡಿ.

ಬ್ರಷ್ ಉಜ್ಜಲು ಉಬ್ಬುತಗ್ಗಿರುವ ಸಿಲಿಕೋನ್ ಮ್ಯಾಟ್ ಬೇಕಾ, ಅಂಗೈ ಸಾಕಾ ಅನ್ನುವುದಕ್ಕೆ ಚಿಕ್ಕ ಉತ್ತರ: ದಟ್ಟ ಬ್ರಷ್‌ಗೆ ಮ್ಯಾಟ್, ಉಳಿದದ್ದಕ್ಕೆ ಅಂಗೈ.

ಕೆದರಿದ ಐಶ್ಯಾಡೋ ಬ್ರಷ್‌ನ ಕಥೆ ಬೇರೆ. ಅದಕ್ಕೆ ಬೇಕಾಗಿದ್ದದ್ದು ಬಿಸಿ. ನೈಲಾನ್‌ನಂಥ ಸಿಂಥೆಟಿಕ್ ಕೂದಲು ಬಿಸಿಗೆ ಮೆತ್ತಗಾಗಿ, ಆರುವಾಗ ಇಟ್ಟ ಆಕಾರವನ್ನೇ ಹಿಡಿಯುತ್ತದೆ. ಬಣ್ಣದ ಚಿತ್ರ ಬರೆಯುವವರು ಸಿಂಥೆಟಿಕ್ ಕುಂಚಕ್ಕೆ ಇದನ್ನೇ ಮಾಡುತ್ತಾರೆ. ಕುದಿಯುವ ನೀರು ಬೇಡ, ಬೆರಳು ಇಟ್ಟರೆ ಚುರ್ ಅನ್ನುವಷ್ಟು ಬಿಸಿ ಸಾಕು. ತುದಿಯನ್ನು ಮಾತ್ರ ಕೆಲವು ಸೆಕೆಂಡ್ ಅದ್ದಿ, ಕೂದಲನ್ನು ಹಿಡಿಗೆ ಸೇರಿಸುವ ಲೋಹದ ಪಟ್ಟಿಗೆ ನೀರು ತಾಗದ ಹಾಗೆ ನೋಡಿಕೊಳ್ಳಿ. ತೆಗೆದ ಕೂಡಲೇ ಬೆರಳಿನಿಂದ ಒತ್ತಿ ಆಕಾರಕ್ಕೆ ತಂದು ಏನಾದರೂ ಸುತ್ತಬೇಕು. ನಾನು ಟಿಶ್ಯೂ ಪಟ್ಟಿ ಮತ್ತು ಜಾಲರಿ ಕವರ್ ಎರಡನ್ನೂ ನೋಡಿದೆ. ಟಿಶ್ಯೂ ಬಿಗಿಯಾಗಿ ಹಿಡಿಯುತ್ತದೆ, ಆದರೆ ಒಣಗಲು ತಡ. ಜಾಲರಿಯಲ್ಲಿ ಗಾಳಿ ಆಡುತ್ತದೆ, ಆಕಾರವೂ ನಿಲ್ಲುತ್ತದೆ. ನನ್ನ ಮತ ಜಾಲರಿಗೆ. ಮೇಕೆ ಕೂದಲಿಗೆ ಬಿಸಿ ನೀರು ಬೇಡ. ತುದಿ ಸರಿಯಾಗಿಲ್ಲ ಅಂತ ಕತ್ತರಿ ಹಾಕಲೂಬೇಡಿ. ಒಳ್ಳೆಯ ಬ್ರಷ್‌ನ ಮೃದುತನ ಇರುವುದೇ ಕತ್ತರಿಸದ ಚೂಪು ತುದಿಯಲ್ಲಿ, ಕತ್ತರಿಸಿದರೆ ಚುಚ್ಚುತ್ತದೆ.

ಯಾವುದರಲ್ಲಿ ತೊಳೆದಿರಿ ಅನ್ನುವುದಕ್ಕಿಂತ ಹೇಗೆ ಒಣಗಿಸಿದಿರಿ ಅನ್ನುವುದು ಬ್ರಷ್‌ನ ಆಯಸ್ಸಿಗೆ ಮುಖ್ಯ. ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ನೀರು ಕೆಳಗೆ ಲೋಹದ ಪಟ್ಟಿಯೊಳಗೆ ಇಳಿಯುತ್ತದೆ. ಮರದ ಹಿಡಿ ಉಬ್ಬುತ್ತದೆ, ಅಂಟು ಬಿಡುತ್ತದೆ, ಹಿಡಿ ಅಲ್ಲಾಡತೊಡಗುತ್ತದೆ. ಟವೆಲ್ ಮೇಲೆ ಮಲಗಿಸುವುದು ಪರವಾಗಿಲ್ಲ, ಆದರೆ ದಟ್ಟ ಬ್ರಷ್‌ನ ಕೆಳಭಾಗ ಒದ್ದೆಯಾಗಿಯೇ ಉಳಿಯಿತು. ಮೇಜಿನ ಅಂಚಿನಿಂದ ಕೂದಲು ಹೊರಗೆ ಚಾಚಿರುವಂತೆ ಇಟ್ಟರೆ ಸುತ್ತಲೂ ಗಾಳಿ ಸಿಗುತ್ತದೆ. ತಲೆಕೆಳಗಾಗಿ ನೇತುಹಾಕುವುದು ಎಲ್ಲಕ್ಕಿಂತ ಚೆನ್ನ. ಹೇರ್ ಡ್ರೈಯರ್ ಬೇಡವೇ ಬೇಡ.

ಅಲ್ಲಾಡುವ ಹಿಡಿಯನ್ನು ಪೂರ್ತಿ ಹೊರಗೆಳೆದು, ಒಣಗಿಸಿ, ಹಳೆಯ ಅಂಟು ಕೆರೆದು, ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ಹಾಕಿ ಕೂರಿಸಿ. ತಕ್ಷಣ ಅಂಟುವ ಸೂಪರ್ ಗ್ಲೂ ಮೊದಲು ಗಟ್ಟಿ ಅನಿಸುತ್ತದೆ, ಆದರೆ ಪದೇ ಪದೇ ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ.

ಅಮೆರಿಕದ ಚರ್ಮವೈದ್ಯರ ಸಂಘ 7ರಿಂದ 10 ದಿನಕ್ಕೊಮ್ಮೆ ಬ್ರಷ್ ತೊಳೆಯಲು ಹೇಳುತ್ತದೆ. ಫೌಂಡೇಶನ್ ಬ್ರಷ್‌ಗೆ ನಾನು ಆ ಗಡುವನ್ನು ಮೀರುವುದಿಲ್ಲ. ಇಷ್ಟೆಲ್ಲಾ ಮಾಡಿದ ಮೇಲೂ ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬಂದರೆ ಒಳಗಿನ ಅಂಟೇ ಹೋಗಿದೆ ಅಂತ ಅರ್ಥ. ಆಗ ಮಾತ್ರ ಹೊಸದು ತಗೊಳ್ಳಿ.