ಪದ್ಮಿನಿಯ ಗೇರ್‌ಬಾಕ್ಸ್‌ಗೆ ಜಿಎಲ್-4 ಆಯಿಲ್: ಕೆಲವು ವರ್ಷ ಓಡಿಸಿ ನೋಡಿದ ಮೇಲೆ

ಕಾರು: ಪ್ರೀಮಿಯರ್ ಪದ್ಮಿನಿ, ಎಂಬತ್ತರ ದಶಕದ್ದು, ಸ್ಟಿಯರಿಂಗ್ ಪಕ್ಕದ ಗೇರ್
ಊರು: ಮುಂಬೈ, ಚೆಂಬೂರು
ಆಯಿಲ್: 80ಡಬ್ಲ್ಯೂ-90 (ದಪ್ಪದ ಅಳತೆ), ಜಿಎಲ್-4 (ಗೇರ್ ಆಯಿಲ್‌ನ ದರ್ಜೆ), ಮಿನರಲ್ (ಸಿಂಥೆಟಿಕ್ ಅಲ್ಲದ್ದು)
ಅಂಕ: ಐದಕ್ಕೆ ನಾಲ್ಕೂವರೆ

ಇದು ಒಂದು ಕಂಪನಿಯ ಡಬ್ಬದ ವಿಮರ್ಶೆ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಈ ದರ್ಜೆಯ ಆಯಿಲನ್ನು ಬೇರೆ ಬೇರೆ ಕಂಪನಿಗಳಿಂದ ತಂದು ಹಾಕಿದ್ದೇನೆ. ಡಬ್ಬದ ಬಣ್ಣ ಬದಲಾದರೆ ಗೇರಿಗೆ ಏನೂ ಗೊತ್ತಾಗುವುದಿಲ್ಲ. ಡಬ್ಬದ ಹಿಂದೆ ಸಣ್ಣಕ್ಷರದಲ್ಲಿರುವ ಜಿಎಲ್ ನಂಬರ್ ಬದಲಾದರೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಕಾರು ನಮ್ಮ ಮಾವನವರದು. ಅವರ ಕಾಲದಲ್ಲಿ ಅದು ಹೋಗುತ್ತಿದ್ದ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್‌ಗೂ ಹಿಂದಿನ ಡಿಫರೆನ್ಷಿಯಲ್‌ಗೂ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಒಂದೇ ಡಬ್ಬದಿಂದ ಸುರಿಯುತ್ತಿದ್ದರು. ಅದು ಜಿಎಲ್-5. ಕಾರು ನನ್ನ ಕೈಗೆ ಬಂದಾಗ ಮೂರರಿಂದ ಎರಡಕ್ಕೆ ಇಳಿಸುವಾಗ ಪ್ರತಿ ಸಲ ಕರಕರ ಸದ್ದು. ಸಿಗ್ನಲ್ ಹತ್ತಿರ ಬರುತ್ತಿದ್ದ ಹಾಗೆ ಕೈಗೆ ಅಳುಕು. ನಿಧಾನಕ್ಕೆ, ಒಂದು ಕ್ಷಣ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಹಾಕಿದರೆ ಮಾತ್ರ ಬೀಳುತ್ತಿತ್ತು.

ಜಿಎಲ್-4 ಕೇಳಿಕೊಂಡು ಅಂಗಡಿಗೆ ಹೋದರೆ ಮೊದಲು ಸಿಗುವ ಉತ್ತರ ಒಂದೇ. "ಸಾಬ್, ಜಿಎಲ್-5 ಇದೆ. ಅದು ಇನ್ನೂ ಮೇಲಿನದು. ನಾಲ್ಕು ಯಾಕೆ ಬೇಕು?" ಅವರನ್ನು ಬೈದು ಪ್ರಯೋಜನವಿಲ್ಲ. ಎಂಜಿನ್ ಆಯಿಲ್‌ನಲ್ಲಿ ಹೊಸ ದರ್ಜೆ ಬಂದರೆ ಅದು ಸಾಮಾನ್ಯವಾಗಿ ಹಳೆಯದಕ್ಕಿಂತ ಮೇಲು. ಗೇರ್ ಆಯಿಲ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ನಾಲ್ಕು, ಐದು ಎರಡಕ್ಕೂ ಬೇರೆ ಬೇರೆ ಕೆಲಸ.

ಡಿಫರೆನ್ಷಿಯಲ್ ಒಳಗಿನ ಹೈಪಾಯ್ಡ್ ಗೇರುಗಳ ಹಲ್ಲು ಒಂದರ ಮೇಲೊಂದು ಭಾರೀ ಒತ್ತಡದಲ್ಲಿ ಜಾರುತ್ತಾ ತಿರುಗುತ್ತವೆ. ಬರೀ ಆಯಿಲ್ ಪದರ ಅಲ್ಲಿ ತಡೆಯುವುದಿಲ್ಲ. ಅದಕ್ಕೆ ಸಲ್ಫರ್, ರಂಜಕ ಸೇರಿಸಿದ ಮದ್ದು ಬೇಕು. ಅದು ಉಕ್ಕಿನ ಮೇಲೆ ತೆಳುವಾದ ರಕ್ಷಣೆಯ ಪದರ ಕಟ್ಟುತ್ತದೆ. ಜಿಎಲ್-5ನಲ್ಲಿ ಈ ಮದ್ದು ಜಿಎಲ್-4ರ ಸುಮಾರು ಎರಡರಷ್ಟು. ಡಿಫರೆನ್ಷಿಯಲ್‌ಗೆ ಅದೇ ಸರಿ. ಈಗಲೂ ನನ್ನ ಕಾರಿನ ಹಿಂದೆ ಜಿಎಲ್-5 ಇದೆ, ಅದರ ಬಗ್ಗೆ ತಕರಾರಿಲ್ಲ.

ಗೇರ್‌ಬಾಕ್ಸ್ ಒಳಗಿನ ಕಥೆ ಬೇರೆ. ಪದ್ಮಿನಿಯಲ್ಲಿ ಎರಡು, ಮೂರು, ನಾಲ್ಕನೇ ಗೇರಿಗೆ ಸಿಂಕ್ರೊ ಇದೆ. ಅದರ ರಿಂಗ್ ಹಿತ್ತಾಳೆ ಜಾತಿಯ ಲೋಹದ್ದು. ನಾವು ಗೇರ್ ಕಡ್ಡಿ ತಳ್ಳಿದಾಗ ಆ ರಿಂಗ್ ಹೋಗಿ ಉಕ್ಕಿನ ಕೋನ್ ಅನ್ನು ಕಚ್ಚಿ ಹಿಡಿಯಬೇಕು. ಎರಡರ ವೇಗವೂ ಸಮ ಆದ ಮೇಲೆ ಗೇರ್ ಬೀಳುತ್ತದೆ. ಕಚ್ಚಿ ಹಿಡಿಯಬೇಕಾದರೆ ಉಜ್ಜಾಟ ಬೇಕು. ಅದಕ್ಕೇ ರಿಂಗಿನ ಒಳಮೈಯಲ್ಲಿ ಆಯಿಲನ್ನು ಕತ್ತರಿಸಿ ಹೊರಹಾಕಲು ಸಣ್ಣ ಗೀರುಗಳಿರುತ್ತವೆ. ತೀರಾ ಜಾರುವ ಆಯಿಲ್ ಹಾಕಿದರೆ ರಿಂಗ್ ಹಿಡಿಯುವ ಬದಲು ಜಾರುತ್ತದೆ, ವೇಗ ಸಮ ಆಗುವ ಮೊದಲೇ ಹಲ್ಲು ಹಲ್ಲಿಗೆ ತಾಗುತ್ತದೆ. ಕರಕರ ಅನ್ನುವುದು ಅದೇ.

ಇನ್ನೊಂದು ಹೆದರಿಕೆ ಜಿಎಲ್-5ನ ಸಲ್ಫರ್ ಹಿತ್ತಾಳೆಯನ್ನು ತಿನ್ನುತ್ತದೆ ಎನ್ನುವುದು. ಇದು ನಿಜ, ಆದರೆ ಪೂರ್ತಿ ಅಲ್ಲ. ಹಳೆಯ ಕಾಲದ ಮದ್ದು ಬಿಸಿಯಲ್ಲಿ ತಾಮ್ರ, ಹಿತ್ತಾಳೆಯನ್ನು ಕಪ್ಪು ಮಾಡುತ್ತಿತ್ತು. ಇದನ್ನು ನೋಡಲೆಂದೇ ಬಿಸಿ ಆಯಿಲ್‌ನಲ್ಲಿ ತಾಮ್ರದ ಪಟ್ಟಿ ಮುಳುಗಿಸಿಟ್ಟು, ಬಣ್ಣ ಎಷ್ಟು ಕೆಟ್ಟಿತು ಅಂತ ಅಳೆಯುವ ಪರೀಕ್ಷೆ ಇದೆ. ಈಗಿನ ಹಲವು ಜಿಎಲ್-5 ಆಯಿಲ್‌ಗಳು ಅದರಲ್ಲಿ ಚೆನ್ನಾಗಿಯೇ ಪಾಸಾಗುತ್ತವೆ. ಹಾಗಾಗಿ ನನ್ನ ಚಿಂತೆ ಲೋಹ ತಿನ್ನುವುದಕ್ಕಿಂತ ಜಾಸ್ತಿ ಜಾರುವಿಕೆಯದ್ದು. "ಜಿಎಲ್-4/ಜಿಎಲ್-5 ಎರಡಕ್ಕೂ ಸೈ" ಅಂತ ಬರೆದ ಡಬ್ಬವನ್ನೂ ನಾನು ತರುವುದಿಲ್ಲ. ತಾಮ್ರದ ಪಟ್ಟಿಯ ಪರೀಕ್ಷೆ ಅದು ಪಾಸಾಗಿರಬಹುದು, ಸಿಂಕ್ರೊಗೆ ಬೇಕಾದ ಹಿಡಿತ ಕೊಡುತ್ತದೆ ಅಂತ ಅದರಿಂದ ಹೇಳಲು ಆಗುವುದಿಲ್ಲ.

ಬದಲಾಯಿಸಿದ ಮೇಲೆ ಏನಾಯಿತು? ಎರಡನೇ ಗೇರಿನ ಕರಕರ ಮುಕ್ಕಾಲು ಪಾಲು ಹೋಯಿತು. ಅದೂ ಅದೇ ದಿನ ಅಲ್ಲ, ಹಳೆಯ ಆಯಿಲ್‌ನ ಉಳಿಕೆ ಎಲ್ಲ ಕಡೆ ಅಂಟಿಕೊಂಡಿರುತ್ತದೆ. ಎರಡನೇ ಸಲ ಬದಲಾಯಿಸಿದ ನಂತರ ಪೂರ್ತಿ ವ್ಯತ್ಯಾಸ ಕಂಡಿತು. ಸಾಯನ್‌ನಿಂದ ದಾದರ್‌ವರೆಗೆ ಸಂಜೆ ಟ್ರಾಫಿಕ್‌ನಲ್ಲಿ ತೆವಳಿ, ಬಾಕ್ಸ್ ಚೆನ್ನಾಗಿ ಕಾದ ಮೇಲೂ ಎರಡನೇ ಗೇರ್ ಒಂದೇ ತಳ್ಳಿಗೆ ಬೀಳುತ್ತದೆ. ಉಳಿದ ಕಾಲು ಪಾಲು ಕರಕರ ಸವೆದ ರಿಂಗಿನದು. ಅದನ್ನು ಯಾವ ಆಯಿಲೂ ವಾಪಸ್ ತರುವುದಿಲ್ಲ.

ಮೊದಲನೇ ಗೇರಿನ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೆ ಸಿಂಕ್ರೊನೇ ಇಲ್ಲ. ಗಾಡಿ ಉರುಳುತ್ತಿರುವಾಗ ಹಾಕಿದರೆ ಕಿರುಚಿಯೇ ಕಿರುಚುತ್ತದೆ. ಪೂರ್ತಿ ನಿಲ್ಲಿಸಿ ಹಾಕಿ, ಇಲ್ಲವೇ ಕ್ಲಚ್ ಎರಡು ಸಲ ಒತ್ತುವುದನ್ನು ಕಲಿಯಿರಿ.

ನಡುವೆ ಸಿಂಥೆಟಿಕ್ ಕೂಡ ಹಾಕಿ ನೋಡಿದೆ, 75ಡಬ್ಲ್ಯೂ-90, ಅದೂ ಜಿಎಲ್-4. ಗೇರ್ ಬೆಣ್ಣೆಯಂತೆ ಬೀಳುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಕಾರಿನ ಹಿಂಬದಿ ಸೀಲ್ ಹಳೆಯದು, ಪಾರ್ಕಿಂಗ್‌ನಲ್ಲಿ ಕಲೆ ಬೀಳಲು ಶುರುವಾಯಿತು, ಸೊಸೈಟಿಯ ವಾಚ್‌ಮನ್ ದೂರು ತಂದ. ದುಡ್ಡೂ ಜಾಸ್ತಿ. ಯೋಚಿಸಿ ನೋಡಿ, 75ಡಬ್ಲ್ಯೂ ಅಂದರೆ ಮೈನಸ್ 40 ಡಿಗ್ರಿ ಚಳಿಯಲ್ಲೂ ಆಯಿಲ್ ಹರಿಯಬೇಕು ಅನ್ನುವ ಲೆಕ್ಕ. 80ಡಬ್ಲ್ಯೂಗೆ ಮೈನಸ್ 26. ಮುಂಬೈಯಲ್ಲಿ ಜನವರಿ ಬೆಳಗ್ಗೆ ಫ್ಯಾನ್ ಆಫ್ ಮಾಡಿದರೆ ಅದೇ ನಮ್ಮ ಚಳಿಗಾಲ. ಸೀಲ್ ಹೊಸದಾಗಿದ್ದು, ಜೇಬು ತುಂಬಿದ್ದರೆ ಸಿಂಥೆಟಿಕ್ ಹಾಕಿ. ನನಗೆ ಮಿನರಲ್ ಸಾಕು.

ನಮ್ಮ ಮೆಕ್ಯಾನಿಕ್ ಕುಂದಾಪುರ ಕಡೆಯವರು, ಕುರ್ಲಾದಲ್ಲಿ ಟ್ಯಾಕ್ಸಿಗಳ ಮೇಲೇ ಕೈ ಪಳಗಿಸಿಕೊಂಡವರು. ಜಿಎಲ್ ಅಂತ ಬಾಯಿ ತೆರೆದರೆ ನಗುತ್ತಾರೆ. "ಎಂತ ನಂಬರ್ ಮಾರಾಯ್ರೆ? ಟ್ಯಾಕ್ಸಿಗೆ ಸಿಕ್ಕಿದ್ದು ಹಾಕ್ತಿದ್ದೆವು, ಓಡ್ತಿತ್ತು." ಓಡುತ್ತಿತ್ತು, ಹೌದು. ಆದರೆ ಆಗ ಕುರ್ಲಾದಲ್ಲೇ ಪ್ರೀಮಿಯರ್ ಕಾರ್ಖಾನೆ ಇತ್ತು, ಊರ ತುಂಬ ಕಾಲಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಪದ್ಮಿನಿಗಳು. ಸಿಂಕ್ರೊ ರಿಂಗ್ ಸವೆದರೆ ಹೊಸದು ಹಾಕಿ ಮರುದಿನ ಬೀದಿಗೆ ಬಿಡುತ್ತಿದ್ದರು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಟ್ಯಾಕ್ಸಿ ಹೋದ ಮೇಲೆ ಬಿಡಿಭಾಗ ಮಾಡುವವರಿಗೂ ಗಿರಾಕಿ ಇಲ್ಲ. ಈಗ ಒಳ್ಳೆಯ ರಿಂಗ್ ಬೇಕೆಂದರೆ ಹಳೆಯ ಸ್ಟಾಕ್ ಇಟ್ಟವರನ್ನು ಹುಡುಕಿಕೊಂಡು ಅಲೆಯಬೇಕು. ಆಗ ಸಿಕ್ಕಿದ್ದನ್ನು ಸುರಿದರೆ ನಡೆಯುತ್ತಿತ್ತು, ಯಾಕೆಂದರೆ ರಿಂಗ್ ಸುಲಭವಾಗಿ ಸಿಗುತ್ತಿತ್ತು. ಈಗ ರಿಂಗ್ ಉಳಿಸುವುದೇ ಕೆಲಸ. ಇದನ್ನು ಅವರಿಗೂ ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ನಾನು ತಂದ ಡಬ್ಬವನ್ನೇ ಹಾಕುತ್ತಾರೆ.

ಎಲ್ಲ ಹಳೆಯ ಕಾರಿಗೂ ಇದೇ ಆಯಿಲ್ ಅಂತಲೂ ತಿಳಿಯಬೇಡಿ. ಪುಣೆಯಲ್ಲಿ ಗೆಳೆಯರೊಬ್ಬರ ಹತ್ತಿರ ಮಾರಿಸ್ ಮೈನರ್ ಇದೆ. ಅದರ ಗೇರ್‌ಬಾಕ್ಸ್‌ಗೆ ಎಂಜಿನ್ ಆಯಿಲ್ಲೇ ಹಾಕಬೇಕು. ಹಳೆಯ ಮಿನಿಯಲ್ಲಂತೂ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಆಯಿಲ್ ಹಂಚಿಕೊಳ್ಳುತ್ತವೆ. "ಎಂಜಿನ್ ಆಯಿಲ್‌ನ 50 ಎಲ್ಲಿ, ಗೇರ್ ಆಯಿಲ್‌ನ 90 ಎಲ್ಲಿ, ಅಷ್ಟು ತೆಳು ಆಯಿಲ್ ತಡೆಯುತ್ತದಾ?" ಅಂತ ಕೇಳುವವರಿದ್ದಾರೆ. ಎಂಜಿನ್ ಆಯಿಲ್‌ಗೂ ಗೇರ್ ಆಯಿಲ್‌ಗೂ ಅಳತೆಯ ಪಟ್ಟಿಯೇ ಬೇರೆ. 100 ಡಿಗ್ರಿಯಲ್ಲಿ ಅಳೆದರೆ 90ರ ಗೇರ್ ಆಯಿಲ್ ಸುಮಾರು 40, 50ರ ಎಂಜಿನ್ ಆಯಿಲ್ ಇದ್ದಷ್ಟೇ ದಪ್ಪ.

ಬದಲಾಯಿಸುವವರಿಗೆ ಒಂದೆರಡು ಮಾತು. ಸ್ವಲ್ಪ ಓಡಿಸಿ, ಆಯಿಲ್ ಬಿಸಿಯಾದ ಮೇಲೆ ಇಳಿಸಿ. ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಪಕ್ಕದಲ್ಲಿ ತುಂಬಿಸುವ ಬೋಲ್ಟ್ ಬಿಚ್ಚುತ್ತದೆಯೇ ನೋಡಿ. ಆಯಿಲ್ ಎಲ್ಲ ಇಳಿಸಿ, ಆಮೇಲೆ ಅದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆ ತೂತಿನ ಕೆಳ ಅಂಚಿಗೆ ಬರುವಷ್ಟು ತುಂಬಿದರೆ ಸಾಕು. ಇಳಿಸಿದ ಆಯಿಲನ್ನು ಎಸೆಯುವ ಮೊದಲು ಬಿಸಿಲಿಗೆ ಹಿಡಿದು ನೋಡಿ, ಒಂದು ಅಯಸ್ಕಾಂತ ಆಡಿಸಿ. ಅಂಟಿಕೊಳ್ಳುವ ನುಣ್ಣನೆ ಬೂದು ಪುಡಿ ಉಕ್ಕಿನದು, ಸ್ವಲ್ಪ ಇದ್ದರೆ ಚಿಂತೆ ಬೇಡ. ಅಯಸ್ಕಾಂತಕ್ಕೆ ಸಿಗದೆ ಹೊಳೆಯುವ ಹಳದಿ ಚೂರು ಸಿಂಕ್ರೊ ರಿಂಗಿನದು. ನನ್ನ ಕಾರಿನಲ್ಲಿ ಜಿಎಲ್-5 ಇಳಿಸಿದಾಗ ಅದು ಕಣ್ಣಿಗೆ ಕಾಣುವಷ್ಟಿತ್ತು, ಈಗ ಹುಡುಕಬೇಕು. ಮಳೆಗಾಲದಲ್ಲಿ ದಾದರ್ ಹತ್ತಿರದ ಹಿಂದ್‌ಮಾತಾದಂಥ ನೀರು ನಿಲ್ಲುವ ಜಾಗದಲ್ಲಿ ಇಳಿದು ಬಂದಿದ್ದರೆ ಎಷ್ಟು ಓಡಿದೆ ಅಂತ ನೋಡಬೇಡಿ, ಒಮ್ಮೆ ಬಿಚ್ಚಿ ನೋಡಿ. ಮಬ್ಬಾಗಿ, ಬಿಳಿಚಿಕೊಂಡಿದ್ದರೆ ನೀರು ಸೇರಿದೆ, ಆಗಲೇ ಬದಲಾಯಿಸಿ.

ಅರ್ಧ ಅಂಕ ಕಡಿಮೆ ಕೊಟ್ಟದ್ದು ಆಯಿಲ್‌ಗೆ ಅಲ್ಲ, ಅದು ಸಿಗುವ ರೀತಿಗೆ. ಮೂಲೆ ಅಂಗಡಿಯಲ್ಲಿ ಜಿಎಲ್-5 ಸಾಲಾಗಿ ಇರುತ್ತದೆ, ಜಿಎಲ್-4 ಕೇಳಿದರೆ ಒಳಗೆ ಹೋಗಿ ಹುಡುಕುತ್ತಾರೆ. ಡಬ್ಬದ ಮುಂದೆ ದೊಡ್ಡದಾಗಿ "ಇಪಿ 90" (ಇಪಿ ಅಂದರೆ ಭಾರೀ ಒತ್ತಡ ತಡೆಯುವ ಮದ್ದು ಇದೆ ಅಂತ) ಅಂತಷ್ಟೇ ಇದ್ದರೆ ದುಡ್ಡು ಕೊಡುವ ಮೊದಲು ಹಿಂದೆ ತಿರುಗಿಸಿ ಓದಿ. ಇನ್ನು 118ಎನ್‌ಇ ಇಟ್ಟುಕೊಂಡವರು ಇದನ್ನು ಓದಿ ಹಾಗೇ ಹಾಕಿಬಿಡಬೇಡಿ. ಅದೂ ಪ್ರೀಮಿಯರ್ ಕಾರೇ, ಆದರೆ ಎಂಜಿನ್ ನಿಸಾನ್ ಮೂಲದ್ದು, ಗೇರ್‌ಬಾಕ್ಸೂ ಪದ್ಮಿನಿಯದ್ದಲ್ಲ. ಅದರ ಪುಸ್ತಕ ನೋಡಿಕೊಂಡೇ ಆಯಿಲ್ ತನ್ನಿ.