ಕೊಂಬಿನ ತುದಿಯ ಕೆಂಪು ಬಣ್ಣ: ಮಂಗಳೂರಿನ ಒಂದು ಟ್ರೇಡ್‌ಮಾರ್ಕ್ ಕಚೇರಿಯ ಸೇವೆ ಹೇಗಿತ್ತು

ನಮ್ಮ ಕಬಡ್ಡಿ ಸಂಘದ ಹೆಸರು ಮತ್ತು ಲಾಂಛನವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವ ಕೆಲಸವನ್ನು 2023ರ ಜೂನ್ ತಿಂಗಳಲ್ಲಿ ಮಂಗಳೂರಿನ ಹಂಪನಕಟ್ಟೆಯ ಸಮೀಪ ಎರಡನೇ ಮಾಳಿಗೆಯಲ್ಲಿರುವ ಒಂದು ಸಣ್ಣ ವಕೀಲರ ಕಚೇರಿಗೆ ಒಪ್ಪಿಸಿದೆವು. ಪ್ರಮಾಣಪತ್ರ ಬಂದದ್ದು 2024ರ ನವೆಂಬರ್‌ನಲ್ಲಿ. ಈ ಕಚೇರಿಯನ್ನು ಮನಸಾರೆ ಹೊಗಳುವುದಕ್ಕೂ ಒಂದು ವಿಷಯದಲ್ಲಿ ಗಟ್ಟಿಯಾಗಿ ದೂರುವುದಕ್ಕೂ ನನಗೆ ಕಾರಣಗಳಿರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ. ಆದರೆ ಇಂಥ ಕಚೇರಿಗೆ ಹೋಗುವ ಕರಾವಳಿಯ ಬೇರೆ ತಂಡಗಳಿಗೆ ಅಲ್ಲಿ ಏನು ಕೇಳಬೇಕು, ಏನನ್ನು ನಂಬಿ ಕೂರಬಾರದು ಎಂಬುದು ತಿಳಿದಿದ್ದರೆ ಒಳ್ಳೆಯದು ಎಂದು ಸಂಘದ ಕಾರ್ಯದರ್ಶಿಯಾಗಿ ನನಗನ್ನಿಸಿದೆ.

ಇಷ್ಟಕ್ಕೆಲ್ಲ ಕಾರಣವಾದದ್ದು ಒಂದು ಟೀಶರ್ಟ್. ಆ ವರ್ಷದ ಹೊನಲು ಬೆಳಕಿನ ಪಂದ್ಯಾಟದ ರಾತ್ರಿ ಅಂಕಣದ ಹೊರಗೆ ಚರುಮುರಿ ಗಾಡಿಯ ಪಕ್ಕದಲ್ಲಿ ಒಬ್ಬರು ನಮ್ಮ ಲಾಂಛನವಿದ್ದ ಟೀಶರ್ಟುಗಳನ್ನು 250 ರೂಪಾಯಿಗೆ ಮಾರುತ್ತಿದ್ದರು. ಊರಿನ ಹೆಸರಿನ ಕಾಗುಣಿತವೇ ತಪ್ಪಾಗಿತ್ತು. ಆದರೂ ನಮ್ಮ ಹುಡುಗರೇ ಇಬ್ಬರು ಅದನ್ನು ಕೊಂಡು ತೊಟ್ಟುಕೊಂಡು ಬಂದಿದ್ದರು. ದೊಡ್ಡ ತಂಡಗಳು ಹೀಗೆ ಬಿಡುತ್ತವೆಯೇ ಎಂದು ಸಂಘದ ಸಭೆಯಲ್ಲಿ ಪ್ರಶ್ನೆ ಎದ್ದಿತು.

ಬಿಡುವುದಿಲ್ಲ ಎಂಬುದಕ್ಕೆ ವಕೀಲ ಮೇಡಂ ಮೊದಲ ದಿನವೇ ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ಬಿನ ಕತೆ ಹೇಳಿದರು. ಅಲ್ಲಿನ ಕ್ರೀಡಾಂಗಣದ ಹೊರಗೆ 1970ರಿಂದ ಕ್ಲಬ್ಬಿನ ಹೆಸರಿನ ಶಾಲು, ಟೋಪಿಗಳನ್ನು ಮಾರುತ್ತಿದ್ದ ವ್ಯಾಪಾರಿಯೊಬ್ಬರು ತಮ್ಮ ಸರಕು ಅಧಿಕೃತವಲ್ಲ ಎಂದು ಫಲಕವನ್ನೂ ಹಾಕಿದ್ದರು. ಕೊಳ್ಳುವವರು ಇದನ್ನು ಅಭಿಮಾನದ ಗುರುತೆಂದು ಕೊಳ್ಳುತ್ತಾರೆಯೇ ಹೊರತು ಕ್ಲಬ್ಬಿನ ಮಾಲೆಂದು ಭಾವಿಸುವುದಿಲ್ಲ ಎಂಬುದು ಅವರ ವಾದವಾಗಿತ್ತು. ಐರೋಪ್ಯ ನ್ಯಾಯಾಲಯ 2002ರ ನವೆಂಬರ್‌ನಲ್ಲಿ ಈ ವಾದವನ್ನು ಒಪ್ಪಲಿಲ್ಲ, ಮರುವರ್ಷ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವೂ ಕ್ಲಬ್ಬಿನ ಪರವಾಗಿಯೇ ತೀರ್ಪಿತ್ತಿತು. ನಮ್ಮ ಚರುಮುರಿ ಗಾಡಿಯ ಪಕ್ಕದ ವ್ಯವಹಾರವೂ ಅದೇ ಜಾತಿಯದ್ದು. ಆದರೆ ಆರ್ಸೆನಲ್ ಬಳಿ ನೋಂದಣಿ ಇತ್ತು, ನಮ್ಮ ಬಳಿ ಇದ್ದದ್ದು ಒಂದು ಜೆಪಿಜಿ ಫೈಲು ಮಾತ್ರ.

ಆ ಫೈಲನ್ನು ಮೇಡಂ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಕಂಬಳದ ಕೋಣದ ತಲೆ, ಕೆಳಗೆ ರೈಡರ್ ಒಬ್ಬನ ಚಾಚಿದ ಕೈ.

‘ನಿಮ್ಮೂರಿನ ಕೋಣದ ಕೊಂಬು ಹೀಗೆ ಇರ್ತದಾ?’ ಎಂದು ನಮ್ಮ ನಾಯಕನನ್ನು ಕೇಳಿದರು.

ಅವನು ತಡವರಿಸಿದ. ಕೋಣದ ಕೊಂಬು ಹಿಂದಕ್ಕೆ ಬಾಗಿರುತ್ತದೆ. ಇದರದ್ದು ಎರಡು ಪಕ್ಕಕ್ಕೆ ಚಾಚಿ ಮೇಲಕ್ಕೆ ತಿರುಗಿತ್ತು, ತುದಿಯಲ್ಲಿ ಕೂದಲೆಳೆಯಷ್ಟು ಕೆಂಪು ಬಣ್ಣವೂ ಉಳಿದಿತ್ತು. ಮೇಡಂ ಪಕ್ಕದಲ್ಲಿ ಷಿಕಾಗೊ ಬುಲ್ಸ್ ಬಾಸ್ಕೆಟ್‌ಬಾಲ್ ತಂಡದ ಗೂಳಿಯನ್ನು ತೆರೆದಿಟ್ಟರು. ನಮ್ಮ ಕಲಾವಿದ ಹುಡುಗ ಅಂತರ್ಜಾಲದಿಂದ ಅದನ್ನೇ ಇಳಿಸಿಕೊಂಡು, ಮುಖಕ್ಕೆ ಕಪ್ಪು ಬಳಿದು, ಕೊಂಬಿನ ತುದಿಯ ಕೆಂಪನ್ನು ಪೂರ್ತಿ ಅಳಿಸಲು ಮರೆತಿದ್ದ. ಇನ್ನೊಬ್ಬರು ನಮ್ಮ ಲಾಂಛನ ಕದ್ದರೆಂದು ದೂರಲು ಬಂದಿದ್ದ ನಮಗೆ ಆಗ ತಲೆಯೆತ್ತಲು ಆಗಲಿಲ್ಲ.

ಈ ಕಚೇರಿಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಇಲ್ಲಿಯೇ. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಸಲ್ಲಿಸಿ ಶುಲ್ಕ ತೆಗೆದುಕೊಳ್ಳುವವರು ನಗರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇವರು ಯಾವುದು ನಮ್ಮದಲ್ಲ ಎಂಬುದನ್ನು ಮೊದಲು ಹೇಳಿದರು. ಹೊಸ ಚಿತ್ರವನ್ನು ನಾಯಕನ ಮನೆಯವರ ಕಂಬಳದ ಕೋಣದ ಫೋಟೋ ನೋಡಿಕೊಂಡೇ ಬರೆಸಲಾಯಿತು. ಆ ಬಳಿಕ ಮೇಡಂ ಸರಕಾರಿ ಜಾಲತಾಣದಲ್ಲಿ ಹೆಸರನ್ನು ಅಕ್ಷರದಿಂದ ಒಮ್ಮೆ, ಉಚ್ಚಾರದಿಂದ ಇನ್ನೊಮ್ಮೆ, ಚಿತ್ರವನ್ನು ವಿಯೆನ್ನಾ ಸಂಕೇತದಿಂದ (ಲಾಂಛನದ ಚಿತ್ರಗಳನ್ನು ವಿಂಗಡಿಸುವ ಸಂಖ್ಯೆಗಳಿಂದ) ಮತ್ತೊಮ್ಮೆ ಹುಡುಕಿ, ಹತ್ತಿರದ ಫಲಿತಾಂಶಗಳ ಪ್ರತಿ ತೆಗೆದುಕೊಟ್ಟರು. ಹುಡುಕದೆ ಹೆಸರಿಟ್ಟರೆ ಅಮೆರಿಕದ ದೊಡ್ಡ ತಂಡಕ್ಕೂ ತಪ್ಪಿದ್ದಲ್ಲ: ಕ್ಲೀವ್‌ಲ್ಯಾಂಡ್ ನಗರದ ಬೇಸ್‌ಬಾಲ್ ತಂಡ 2021ರಲ್ಲಿ ‘ಗಾರ್ಡಿಯನ್ಸ್’ ಎಂಬ ಹೊಸ ಹೆಸರು ಘೋಷಿಸಿದಾಗ ಅದೇ ನಗರದಲ್ಲಿ ಅದೇ ಹೆಸರಿನಿಂದ ಮೊದಲೇ ಆಡುತ್ತಿದ್ದ ರೋಲರ್ ಡರ್ಬಿ (ಗಾಲಿ ಸ್ಕೇಟು ತೊಟ್ಟು ಆಡುವ ಆಟ) ತಂಡ ದಾವೆ ಹೂಡಿತು, ಆಮೇಲೆ ಇಬ್ಬರೂ ರಾಜಿ ಮಾಡಿಕೊಂಡು ಹೆಸರನ್ನು ಹಂಚಿಕೊಳ್ಳಬೇಕಾಯಿತು. ಚಿತ್ರ ಬರೆದ ಹುಡುಗನಿಂದ ಅದರ ಕೃತಿಸ್ವಾಮ್ಯವನ್ನು ಸಂಘಕ್ಕೆ ವಹಿಸಿಕೊಡುವ ಪತ್ರವನ್ನೂ ಬರೆಸಿಕೊಂಡರು. ಹಣ ಕೊಟ್ಟು ಬರೆಸಿದ ಮಾತ್ರಕ್ಕೆ ಲಾಂಛನದ ಹಕ್ಕು ತಾನಾಗಿ ಸಂಘಕ್ಕೆ ಬರುವುದಿಲ್ಲ ಎಂಬುದು ನನಗೆ ಹೊಸ ವಿಷಯವಾಗಿತ್ತು.

ಶುಲ್ಕದ ವಿಚಾರದಲ್ಲಿ ಸಂಘದೊಳಗೇ ಜಗಳವಾಯಿತು. ಆನ್‌ಲೈನ್ ಅರ್ಜಿಗೆ ವ್ಯಕ್ತಿಯ ಹೆಸರಿನಲ್ಲಾದರೆ ಒಂದು ವರ್ಗಕ್ಕೆ, ಅಂದರೆ ಸರಕು ಅಥವಾ ಸೇವೆಗಳ ಒಂದು ಗುಂಪಿಗೆ, 4,500 ರೂಪಾಯಿ, ನಮ್ಮಂಥ ನೋಂದಾಯಿತ ಸಂಘದ ಹೆಸರಿನಲ್ಲಾದರೆ 9,000 ರೂಪಾಯಿ. ನಾಯಕನ ಹೆಸರಿನಲ್ಲಿ ಹಾಕಿದರೆ ಅರ್ಧಕ್ಕರ್ಧ ಉಳಿಯುತ್ತದಲ್ಲ ಎಂದು ಖಜಾಂಚಿ ಹಟ ಹಿಡಿದರು.

‘ಅಲ್ಲ ಮಾರಾಯ್ರೆ, ನಾಳೆ ಅವರು ಬೇರೆ ತಂಡಕ್ಕೆ ಹೋದ್ರೆ ಕೋಣವನ್ನೂ ಹೊಡ್ಕೊಂಡು ಹೋಗ್ತಾರೆ, ಆಗ ಏನು ಮಾಡ್ತೀರಿ?’ ಎಂದು ಮೇಡಂ ಕೇಳಿದ ಮೇಲೆ ಅವರು ಸುಮ್ಮನಾದರು. ನಾಯಕನೂ ನಕ್ಕ, ಅಷ್ಟೇನೂ ಗಟ್ಟಿಯಾಗಿ ಅಲ್ಲ. ಐಪಿಎಲ್ ತಂಡಗಳ ಹೆಸರುಗಳನ್ನು ಆಟಗಾರರಲ್ಲ, ಮಾಲೀಕ ಕಂಪನಿಗಳು ಇಟ್ಟುಕೊಂಡಿರುವುದೂ ಇದೇ ಕಾರಣಕ್ಕೆ. ರಾಯಲ್ ಚಾಲೆಂಜರ್ಸ್ ತಂಡದ ಹೆಸರಂತೂ ಆಗಿನ ಮಾಲೀಕರ ಮದ್ಯದ ಬ್ರ್ಯಾಂಡಿನಿಂದಲೇ ಬಂದದ್ದು.

ಸರಕು ಮತ್ತು ಸೇವೆಗಳಿಗೆ ಒಟ್ಟು 45 ವರ್ಗಗಳಿವೆ. ವೃತ್ತಿಪರ ತಂಡಗಳು ಪಂದ್ಯ ಮತ್ತು ಮನರಂಜನೆಗೆ 41, ಉಡುಪಿಗೆ 25, ಆಟದ ಸಾಮಗ್ರಿಗೆ 28, ಕಾಗದದ ಸಾಮಾನುಗಳಿಗೆ 16 ಹೀಗೆ ಹಲವು ವರ್ಗಗಳಲ್ಲಿ ಹೆಸರನ್ನೂ ಲಾಂಛನವನ್ನೂ ಬೇರೆಬೇರೆಯಾಗಿ ನೋಂದಾಯಿಸಿ, ಆ ಹಕ್ಕನ್ನು ಜೆರ್ಸಿ, ಚೆಂಡು, ಪುಸ್ತಕ ತಯಾರಿಸುವವರಿಗೆ ಪರವಾನಗಿಯ ಮೇಲೆ ಕೊಟ್ಟು ಹಣ ಮಾಡುತ್ತವೆ. ನಾವು ನಾಲ್ಕಕ್ಕೂ ಅರ್ಜಿ ಹಾಕಲು ಹೊರಟಿದ್ದೆವು. ಐದು ವರ್ಷಕ್ಕೂ ಮೀರಿ ಬಳಸದ ಗುರುತನ್ನು ಪಟ್ಟಿಯಿಂದ ತೆಗೆಸಲು ಬೇರೆಯವರು ಕೋರಬಹುದೆಂದು ತಿಳಿಸಿ, ಮೇಡಂ 41 ಮತ್ತು 25 ಸಾಕೆಂದರು. ಹಾಗೆ ಉಳಿದದ್ದು 18,000 ರೂಪಾಯಿ ಸರಕಾರಿ ಶುಲ್ಕ. ಅದರ ಮೇಲಿನ ತಮ್ಮ ಶುಲ್ಕವನ್ನೂ ಅವರು ಕಳೆದುಕೊಂಡಂತಾಯಿತು. ತಮ್ಮ ಕೆಲಸಕ್ಕೆ ವರ್ಗವೊಂದಕ್ಕೆ 4,000 ರೂಪಾಯಿ, ವಿಚಾರಣೆಗೆ ಬೇರೆ 2,500 ರೂಪಾಯಿ ತೆಗೆದುಕೊಂಡರು, ರಶೀದಿ ಕೊಟ್ಟರು.

2012ರಿಂದ ಈ ಹೆಸರನ್ನು ಬಳಸುತ್ತಿದ್ದೇವೆ ಎಂದು ಅರ್ಜಿಯಲ್ಲಿ ಹೇಳಬೇಕಾದರೆ ಅಫಿಡವಿಟ್ಟಿನ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆಯ) ಜೊತೆಗೆ ಪುರಾವೆಯೂ ಬೇಕು. ಹಳೆಯ ಬಳಕೆದಾರನ ಹಕ್ಕನ್ನು 1999ರ ಟ್ರೇಡ್‌ಮಾರ್ಕ್ ಕಾಯಿದೆ ಕಾಪಾಡುವುದರಿಂದ ಈ ತಾರೀಕಿಗೆ ತೂಕ ಜಾಸ್ತಿ. ನಾವು ಪಂದ್ಯಾಟದ ಹಳೆಯ ಆಮಂತ್ರಣ ಪತ್ರಿಕೆಗಳನ್ನೂ ಪತ್ರಿಕಾ ತುಣುಕುಗಳನ್ನೂ ಗೋಣಿಯಲ್ಲಿ ಕಟ್ಟಿದ ಏಳು ಟ್ರೋಫಿಗಳನ್ನೂ ಹೊತ್ತುಕೊಂಡು ಎರಡು ಮಾಳಿಗೆ ಹತ್ತಿದೆವು. ಕಚೇರಿಯ ಗುಮಾಸ್ತರು ಕಿಲುಬು ಹಿಡಿದ ಟ್ರೋಫಿಯೊಂದರ ತಗಡಿಗೆ ತಮ್ಮ ಕುಡಿಯುವ ನೀರನ್ನೇ ಹಾಕಿ ಕರವಸ್ತ್ರದಿಂದ ಉಜ್ಜಿ, ಮೊಬೈಲಿನ ಬೆಳಕು ಹಿಡಿದು ಇಸವಿಯನ್ನು ಓದಿ, ಫೋಟೋ ತೆಗೆದರು. ಅಷ್ಟು ತಾಳ್ಮೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಕರ್ನಾಟಕದ ಅರ್ಜಿಗಳು ಚೆನ್ನೈ ನೋಂದಣಿ ಕಚೇರಿಗೆ ಸೇರುತ್ತವೆ; ಎಲ್ಲವೂ ಆನ್‌ಲೈನ್ ಆದ್ದರಿಂದ ರೈಲು ಹತ್ತುವ ಕೆಲಸವಿರಲಿಲ್ಲ. ಪರಿಶೀಲನಾ ವರದಿಯಲ್ಲಿ ನಿರೀಕ್ಷಿಸಿದ ಆಕ್ಷೇಪವೇ ಬಂತು: ನಮ್ಮ ಸಂಘದ ಹೆಸರಿನಲ್ಲಿರುವ ಊರಿನ ಹೆಸರು ಸ್ಥಳವನ್ನು ಸೂಚಿಸುತ್ತದೆ, ಅದರಲ್ಲಿರುವ ‘ಫ್ರೆಂಡ್ಸ್’ ಎಂಬುದು ಸಾಮಾನ್ಯ ಶಬ್ದ. ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಕೂಡ ‘ಲಿವರ್‌ಪೂಲ್’ ಎಂಬ ಒಂದೇ ಪದವನ್ನು ನೋಂದಾಯಿಸಲು ಹೋಗಿ 2019ರಲ್ಲಿ, ಅದು ನಗರದ ಹೆಸರೆಂಬ ಕಾರಣಕ್ಕೆ, ಬರಿಗೈಯಲ್ಲಿ ಮರಳಿತ್ತು. ನಮ್ಮ ಗ್ರಾಮಕ್ಕೆ ಅಷ್ಟು ಖ್ಯಾತಿ ಇಲ್ಲ, ಆದರೆ ನಿಯಮ ಒಂದೇ.

ದೂರು ಇರುವುದು ಇಲ್ಲಿ. ಆ ವರದಿಗೆ 30 ದಿನಗಳೊಳಗೆ ಉತ್ತರ ಕೊಡದಿದ್ದರೆ ಅರ್ಜಿಯನ್ನು ಕೈಬಿಟ್ಟಿದ್ದೇವೆಂದೇ ಭಾವಿಸಬಹುದು. ವರದಿ ವಕೀಲರ ಕಚೇರಿಯ ಇಮೇಲಿಗೆ ಬಂದು ಇಪ್ಪತ್ತೊಂದು ದಿನ ಕಳೆದಿದ್ದರೂ ನಮಗೆ ಯಾರೂ ತಿಳಿಸಿರಲಿಲ್ಲ. ಅರ್ಜಿ ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ ನೋಡುವ ಚಟವಿದ್ದ ನಮ್ಮ ಖಜಾಂಚಿಯವರಿಗೇ ಅದು ಮೊದಲು ಕಂಡಿತು. ಫೋನ್ ಮಾಡಿದಾಗ ‘ನೋಡ್ತಾ ಇದ್ದೇವೆ’ ಎಂಬ ಉತ್ತರ ಬಂತು, ಅದು ನಿಜವೆಂದು ನನಗನ್ನಿಸಲಿಲ್ಲ. ಕೊನೆಗೆ ಇಪ್ಪತ್ತೇಳನೆಯ ದಿನ ಉತ್ತರ ಹೋಯಿತು. ಉತ್ತರವೇನೋ ಅಚ್ಚುಕಟ್ಟಾಗಿತ್ತು: ಊರಿನ ಹೆಸರಿನ ಮೇಲಾಗಲಿ ‘ಫ್ರೆಂಡ್ಸ್’ ಪದದ ಮೇಲಾಗಲಿ ಪ್ರತ್ಯೇಕ ಹಕ್ಕು ಕೇಳುವುದಿಲ್ಲ, ಕೋಣ ಮತ್ತು ಅಕ್ಷರ ಸೇರಿದ ಇಡೀ ಗುರುತಿನ ಮೇಲೆ ಮಾತ್ರ ಕೇಳುತ್ತೇವೆ ಎಂಬುದು ಅದರ ಸಾರ. ವಿಡಿಯೋ ಮೂಲಕ ನಡೆದ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಗುರುತು ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾಗಿ, ಆಕ್ಷೇಪಕ್ಕೆ ಮೀಸಲಾದ ನಾಲ್ಕು ತಿಂಗಳು ಯಾವ ಸದ್ದೂ ಇಲ್ಲದೆ ಕಳೆದವು.

ಪ್ರಮಾಣಪತ್ರ ಬಂದ ಮೇಲಿನ ಸಲಹೆಗೆ ಇವರು ಹಣ ಕೇಳಿಲ್ಲ ಎಂಬುದನ್ನೂ ಬರೆಯಬೇಕು. ಜೆರ್ಸಿ ಮುದ್ರಿಸುವವರು ನೋಂದಣಿಗೆ ಮೊದಲೇ, ನೋಂದಾಯಿತ ಎಂಬುದನ್ನು ಸೂಚಿಸುವ ವೃತ್ತದೊಳಗಿನ ‘ಆರ್’ ಗುರುತು ಹಾಕಿದ್ದನ್ನು ಅಳಿಸಿ ‘ಟಿಎಂ’ (ಟ್ರೇಡ್‌ಮಾರ್ಕ್) ಹಾಕಿಸಿದ್ದರು. ಈಗ ಆ ‘ಆರ್’ ನಮ್ಮದಾಗಿದೆ. ಟೀಶರ್ಟ್ ಮಾರಿದವರಿಗೆ ನೋಟಿಸಿನ ಬದಲು ಒಂದು ಪುಟದ ಪರವಾನಗಿ ಕರಾರು ಬರೆದುಕೊಟ್ಟರು. ಈಗ ಅವರು ಟೀಶರ್ಟೊಂದಕ್ಕೆ 20 ರೂಪಾಯಿಯಂತೆ ಸಂಘಕ್ಕೆ ಕೊಡುತ್ತಾರೆ, ಕಾಗುಣಿತವನ್ನೂ ತಿದ್ದಿಕೊಂಡಿದ್ದಾರೆ.

ಕಳೆದ ಪಂದ್ಯಾಟಕ್ಕೆ ಮೊದಲು ಪಕ್ಕದ ಗ್ರಾಮದ ತಂಡ ನಮ್ಮ ಹೆಸರನ್ನು ತಿರುಚಿ ಗೇಲಿ ಮಾಡುವ ಬ್ಯಾನರ್ ಕಟ್ಟಿತು. ದಾವೆ ಹಾಕೋಣವೆಂದು ಹುಡುಗರು ಮೇಡಂ ಬಳಿಗೆ ಓಡಿದರು. ಊಬರ್ ಜಾಹೀರಾತಿನಲ್ಲಿ ಬಂದ ‘ರಾಯಲಿ ಚಾಲೆಂಜ್ಡ್ ಬೆಂಗಳೂರು’ ಎಂಬ ಬರಹದ ವಿರುದ್ಧ ಆರ್‌ಸಿಬಿ ಕಂಪನಿ ಕೋರಿದ್ದ ಮಧ್ಯಂತರ ತಡೆಯನ್ನು ದೆಹಲಿ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ನಿರಾಕರಿಸಿದ್ದನ್ನು ಅವರು ವಿವರಿಸಿ, ಅಂಕಣದಲ್ಲೇ ಉತ್ತರ ಕೊಡಿ ಎಂದು ವಾಪಸು ಕಳುಹಿಸಿದರು. ನಾವು ಸೋತೆವು, ಅದು ಬೇರೆ ವಿಷಯ.

ಹೋಗುವವರಿಗೆ: ನೀವು ಹೋಗುವ ಕಚೇರಿಯಲ್ಲಿರುವವರು ವಕೀಲರೋ ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟರೋ ಎಂದು ಮೊದಲು ಕೇಳಿಕೊಳ್ಳಿ, ಅರ್ಜಿಯಲ್ಲಿ ಸಂಘದ ಸ್ವಂತ ಇಮೇಲನ್ನೂ ಹಾಕಿಸಿ, ಅರ್ಜಿ ಸಂಖ್ಯೆಯನ್ನು ಸಲ್ಲಿಸಿದ ದಿನವೇ ಬರೆದುಕೊಳ್ಳಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಇಪ್ಪತ್ತೊಂದು ದಿನಗಳದ್ದು. ನೋಂದಣಿ ಅರ್ಜಿಯ ತಾರೀಕಿನಿಂದ ಹತ್ತು ವರ್ಷ ಊರ್ಜಿತವಿರುತ್ತದೆ. ನವೀಕರಣದ ಸಮಯಕ್ಕೆ ತಾವೇ ನೆನಪಿಸುವುದಾಗಿ ಮೇಡಂ ಹೇಳಿದ್ದಾರೆ. ಆದರೂ 2033ರ ಜೂನ್ ಎಂದು ನಾನು ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.