ಗಿಟ್‌ಹಬ್ ಇಶ್ಯೂಸ್: ಚಿಕ್ಕ ತಂಡಗಳಿಗೆ ಖಂಡಿತ ಬೇಕು

ಮೈಸೂರಿನ ನಮ್ಮ ಗೆಳೆಯರ ಗುಂಪು ಬಿಡುವಿನಲ್ಲಿ ಒಂದು ಕನ್ನಡ ಕೀಬೋರ್ಡ್ ಆ್ಯಪ್ ನೋಡಿಕೊಳ್ಳುತ್ತದೆ. ಮೊದಲೆಲ್ಲ ವಾಟ್ಸಾಪಿನಲ್ಲಿ 'ಆ್ಯಪ್ ಸರಿಯಿಲ್ಲ ಗುರು, ನೋಡು' ಅಂತ ಒಂದು ಸಾಲು ಬರುತ್ತಿತ್ತು, ಯಾವ ಫೋನು, ಏನು ಒತ್ತಿದಿರಿ, ಏನಾಯಿತು ಅಂತ ಕೇಳಿ ಕೇಳಿಯೇ ಸಂಜೆ ಕಳೆಯುತ್ತಿತ್ತು. ಈಗ ಎಲ್ಲ ಗಿಟ್‌ಹಬ್ ಇಶ್ಯೂಸ್‌ನಲ್ಲಿ, ಅಂದರೆ ಕೋಡ್ ಇಡುವ ಗಿಟ್‌ಹಬ್ ಜಾಲತಾಣದಲ್ಲಿ ದೂರು, ಬೇಡಿಕೆ ಬರೆದಿಡುವ ಜಾಗದಲ್ಲಿ. ನನಗೆ ತುಂಬಾ ಹಿಡಿಸಿದ್ದು 2021ರಲ್ಲಿ ಬಂದ ಫಾರ್ಮ್ ಸೌಲಭ್ಯ. ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದಿಡಬಹುದು, ಎಲ್ಲರಿಗೂ ತೆರೆದ ಪ್ರಾಜೆಕ್ಟ್ ಆದರೆ ಕಡ್ಡಾಯ ಅಂತ ಗುರುತು ಮಾಡಿದ್ದನ್ನು ತುಂಬದೆ ಕಳಿಸಲು ಆಗುವುದಿಲ್ಲ. ಮೊನ್ನೆ ಬಂದ ದೂರು ನೋಡಿ: 'ರ‍್ಯಾಂಕ್' ಅಂತ ಹೊಡೆದರೆ 'ರ್ಯಾಂಕ್' ಬರುತ್ತಿದೆ. ಜೊತೆಗೆ ಒತ್ತಿದ ಕೀಲಿಗಳು, ಆಂಡ್ರಾಯ್ಡ್ ಆವೃತ್ತಿ, ಸ್ಕ್ರೀನ್‌ಶಾಟ್. ರ ಆದಮೇಲೆ ಬರಬೇಕಾದ, ಅಕ್ಷರಗಳು ಹೇಗೆ ಕೂಡಬೇಕು ಅಂತ ಹೇಳುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಜೆ ಅಕ್ಷರ ಬಿಟ್ಟುಹೋಗಿದೆ ಅಂತ ಓದಿದ ತಕ್ಷಣ ಗೊತ್ತಾಯಿತು.

ಹೊಸ ಸೌಲಭ್ಯ ಕೇಳುವವರಿಗೆ ಬೇರೆ ಫಾರ್ಮ್ ಇಡಿ. ಅದರಲ್ಲಿ 'ಏನು ಬೇಕು' ಅನ್ನುವುದಕ್ಕಿಂತ 'ಈಗ ಏನು ಕಷ್ಟ' ಅಂತ ಕೇಳಿ, ಉತ್ತರ ಜಾಸ್ತಿ ಉಪಯೋಗಕ್ಕೆ ಬರುತ್ತದೆ. 'ನನಗೂ ಬೇಕು' ಅನ್ನುವವರು ಸುಮ್ನೆ ಆ ಬೇಡಿಕೆಯ ಕೆಳಗಿನ ಹೆಬ್ಬೆರಳಿನ ಚಿಹ್ನೆ (👍) ಒತ್ತಿದರೆ ಸಾಕು. ಯಾವುದಕ್ಕೆ ಜಾಸ್ತಿ ಬಿದ್ದಿದೆ ಅಂತ ವಿಂಗಡಿಸಿ ನೋಡಬಹುದು.

ದುಡ್ಡು ಕೊಡಬೇಕಿಲ್ಲ. ಆದರೆ ಖಾತೆ ಇಲ್ಲದೆ ದೂರು ಹಾಕಲು ಆಗುವುದಿಲ್ಲ, ಹಾಗಾಗಿ ಮಂಡ್ಯದ ನಮ್ಮ ಮೇಷ್ಟ್ರು ಫೋನಿನಲ್ಲಿ ಹೇಳಿದ್ದನ್ನು ಈಗಲೂ ನಾವೇ ಕೂತು ತುಂಬುತ್ತೇವೆ.